ಗರ್ಭಗುಡಿಯ ದೇವರನ್ನು ಬರೆಯಬಹುದಾ?

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತಳಾದ ಮೇಲೆ ಚಿತ್ರ ಬರೆಯೋದು ಕಲಿಯುತ್ತಿದ್ದೇನೆ. ಗುಡಿಗಳನ್ನು ಬರೆಯೋದು ತುಂಬಾ ಇಷ್ಟ. ಹೋದ ತಿಂಗಳು ಬೇಲೂರಿನ ಗುಡಿ ಒಳಗೆ ಕೂತು ದೇವರನ್ನು ಬರೆಯುತ್ತಿದ್ದೆ. ಹಿರಿಯರೊಬ್ಬರು ಬಂದು "ದೇವರನ್ನ ಹೀಗೆಲ್ಲ ಬರೀಬಾರ್ದಮ್ಮ" ಅಂದರು. ಪುಸ್ತಕ ಮುಚ್ಚಿ ಎದ್ದು ಬಂದೆ. ನಾನು ಮಾಡಿದ್ದು ತಪ್ಪಾ? ಡಿಸೆಂಬರ್‌ನಲ್ಲಿ ಮಗನ ಜೊತೆ ಕಾಂಬೋಡಿಯಾದ ಅಂಕೋರ್ ನೋಡಲು ಹೊರಟಿದ್ದೇವೆ. ಅದಕ್ಕೂ ಮುಂಚೆ ಬೈಲಕುಪ್ಪೆಗೆ ಹೋಗಿ ಬುದ್ಧನನ್ನು ಬರೆಯುವ ಆಸೆ. ಬೌದ್ಧರ ಗುಡಿಯಲ್ಲಿ ರೀತಿ ರಿವಾಜು ಬೇರೆ ಇರುತ್ತದಾ? ಇನ್ನೊಂದು ವಿಷಯ. ಈ ಚಿತ್ರಗಳನ್ನು ಬಟ್ಟೆ ಚೀಲ, ಕಪ್‌ಗಳ ಮೇಲೆ ಅಚ್ಚು ಹಾಕಿಸೋಣ ಅಂತ ಮಗಳು ಹೇಳುತ್ತಿದ್ದಾಳೆ. ಸರಿ ಕಾಣುತ್ತದಾ?
— ದಾವಣಗೆರೆಯ ಓದುಗರು

ಉತ್ತರ: ಮೊದಲು ಆ ಹಿರಿಯರ ಮಾತು. ಅವರು ಹೇಳಿದ್ದು ಅರ್ಧ ಸರಿ.

ದೇವರನ್ನು ಬರೆಯಬಾರದು ಅನ್ನೋ ಕಟ್ಟಳೆ ನಮ್ಮಲ್ಲಿ ಇಲ್ಲ. ಇದ್ದಿದ್ದರೆ ನಮ್ಮ ಗೋಡೆಗಳ ಮೇಲೆ ಕ್ಯಾಲೆಂಡರ್ ಇರುತ್ತಿರಲಿಲ್ಲ, ಮೈಸೂರು ಶೈಲಿಯ ಚಿತ್ರ ಇರುತ್ತಿರಲಿಲ್ಲ, ಗೋಕುಲಾಷ್ಟಮಿಗೆ ಹೊಸಿಲಿನಿಂದ ದೇವರ ಮನೆಯ ತನಕ ಪುಟ್ಟ ಕೃಷ್ಣನ ಹೆಜ್ಜೆ ಬರೆಯುವ ಪದ್ಧತಿಯೂ ಇರುತ್ತಿರಲಿಲ್ಲ. ಹಂಪಿಯ ವಿರೂಪಾಕ್ಷನ ಗುಡಿಗೆ ಹೋದರೆ ರಂಗಮಂಟಪದಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಚಾವಣಿ ತುಂಬಾ ದೇವರ ಚಿತ್ರಗಳೇ. ಯಾರೋ ಅಟ್ಟಣಿಗೆ ಕಟ್ಟಿಕೊಂಡು, ಕುತ್ತಿಗೆ ನೋಯಿಸಿಕೊಂಡು ಬರೆದದ್ದು ತಾನೇ? ಬೇಲೂರಿನಲ್ಲಂತೂ ಶಿಲ್ಪಿಗಳು ತಮ್ಮ ಹೆಸರನ್ನೇ ಕಲ್ಲಿನಲ್ಲಿ ಕೊರೆದು ಹೋಗಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ದೇವರ ರೂಪ ಮಾಡೋದು ನಾಚಿಕೊಳ್ಳುವ ಕೆಲಸ ಅಂತ ಅವರಿಗೆ ಅನ್ನಿಸಿದ ಹಾಗಿಲ್ಲ.

ಹಾಗಾದರೆ ಸರಿ ಇರೋ ಅರ್ಧ ಯಾವುದು? ನೀವು ಕೂತ ಜಾಗ.

ಗುಡಿಯಲ್ಲಿ ಎರಡು ಬಗೆಯ ಮೂರ್ತಿ ಇರುತ್ತವೆ ಅಂತ ನಿಮಗೆ ಗೊತ್ತೇ ಇದೆ. ಗರ್ಭಗುಡಿಯ ಮೂಲ ವಿಗ್ರಹ ಒಂದು. ಅದು ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಂದು ಉತ್ಸವ ಮೂರ್ತಿ. ಅದು ಪಲ್ಲಕ್ಕಿ ಏರುತ್ತದೆ, ತೇರು ಏರುತ್ತದೆ, ಬೀದಿಗೆ ಬರುತ್ತದೆ. ಗುಡಿ ಒಳಗೆ ಬರಲಾಗದವರಿಗೂ ದರ್ಶನ ಸಿಗಲಿ ಅಂತಲೇ ಹೊರಗೆ ಬರುವ ದೇವರು ಅದು. ಮೂಲ ವಿಗ್ರಹ ಹಾಗಲ್ಲ. ಅದನ್ನು ನೋಡೋಕೆ ನಾವೇ ಹೋಗಬೇಕು. ಕತ್ತಲು, ಕಿರಿದಾದ ಬಾಗಿಲು, ಒಂದು ದೀಪ, ಆರತಿ ಎತ್ತಿದಾಗ ಒಂದು ಕ್ಷಣ ಕಾಣುವ ಮುಖ. ಇಷ್ಟೇ ಕಾಣಲಿ ಅಂತಲೇ ಹಾಗೆ ಕಟ್ಟಿದ್ದಾರೆ. ಉಡುಪಿಯಲ್ಲಿ ಕೃಷ್ಣನನ್ನು ನೋಡೋದು ಒಂಬತ್ತು ತೂತಿನ ನವಗ್ರಹ ಕಿಂಡಿಯಿಂದ. ಮೇಲುಕೋಟೆಯಲ್ಲಿ ವೈರಮುಡಿ ಕಿರೀಟವನ್ನು ಹಗಲು ಬೆಳಕಿಗೆ ತೆಗೆಯುವುದಿಲ್ಲ. ದೇವರ ತಲೆಗೆ ಇಡುವ ಅರ್ಚಕರೇ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ ಅನ್ನುತ್ತದೆ ಸಂಪ್ರದಾಯ. ಆದರೆ ಅದೇ ಕಿರೀಟ ಇಟ್ಟುಕೊಂಡ ಚೆಲುವನಾರಾಯಣ ರಾತ್ರಿ ಬೀದಿಗೆ ಬಂದಾಗ ಸಾವಿರಾರು ಜನ ನೋಡುತ್ತಾರೆ.

ಇದರಿಂದ ನಾನು ಕಲಿತುಕೊಂಡ ಲೆಕ್ಕ ಒಂದೇ. ಗುಡಿ ತಾನಾಗಿ ಹೊರಗೆ ತಂದು ತೋರಿಸಿದ್ದನ್ನು ಎಷ್ಟು ಬೇಕಾದರೂ ಬರೆಯಬಹುದು. ಒಳಗೆ ಇಟ್ಟುಕೊಂಡಿದ್ದನ್ನು ನೋಡಿ, ಕೈಮುಗಿದು ಬರಬೇಕು. ಗೋಡೆ, ಕಂಬ, ಶಿಖರ, ಮದನಿಕೆ, ತೇರು, ಉತ್ಸವ ಮೂರ್ತಿ ಎಲ್ಲ ಮೊದಲನೆಯ ಲೆಕ್ಕ. ಗರ್ಭಗುಡಿ ಎರಡನೆಯದು.

ನಾನೂ ಇದನ್ನು ಬೈಸಿಕೊಂಡೇ ಕಲಿತಿದ್ದು. ಮೂವತ್ತು ವರ್ಷದ ಹಿಂದೆ ಮಲೆನಾಡಿನ ಒಂದು ಸಣ್ಣ ಶಿವನ ಗುಡಿಯಲ್ಲಿ ನಂದಿಯ ಮುಂದೆ ಚಕ್ಕಳ ಮಕ್ಕಳ ಹಾಕಿ ಕೂತು ಲಿಂಗದ ಚಿತ್ರ ಬರೆಯುತ್ತಿದ್ದೆ. ಪೂಜೆಗೆ ಬಂದ ಅಜ್ಜಿ ಒಬ್ಬರು "ಬಸವಣ್ಣಂಗೆ ಅಡ್ಡ ಕೂತಿದ್ದೀಯಲ್ಲೋ" ಅಂದರು. ಚಿತ್ರ ಬರೆದಿದ್ದಕ್ಕೆ ಅವರ ತಕರಾರೇ ಇರಲಿಲ್ಲ. ನಂದಿಗೂ ಶಿವನಿಗೂ ನಡುವೆ ಒಂದು ದಾರಿ ಇದೆ, ಅದರಲ್ಲಿ ನಾನು ಒಂದು ಗಂಟೆ ಕೂತಿದ್ದೆ. ದರ್ಶನಕ್ಕೆ ಬಂದವರು ಎರಡು ನಿಮಿಷ ನಿಂತು ಹೋಗುತ್ತಾರೆ. ಬರೆಯುವವರು ಬಂಡೆ ಥರ ಕೂತುಬಿಡುತ್ತೇವೆ. ನಮ್ಮಿಂದ ಆಗುವ ತೊಂದರೆ ಬಹುಪಾಲು ಈ ಕೂರೋದರಿಂದಲೇ ಹೊರತು ಬರೆಯೋದರಿಂದ ಅಲ್ಲ. ಬಲಿಪೀಠದ ಮೇಲೆ, ಮೂರ್ತಿಯ ಪೀಠದ ಮೇಲೆ, ಹೊಸಿಲ ಮೇಲೆ ಕೂರಬೇಡಿ. ದೇವರಿಗೆ ಬೆನ್ನು ಹಾಕಿ ಕೂರಬೇಡಿ. ಕಂಬದ ಪಕ್ಕ ಕೂತರೆ ಯಾರ ದಾರಿಗೂ ಅಡ್ಡ ಬರುವುದಿಲ್ಲ, ಬೆನ್ನಿಗೂ ಆಸರೆ. ನಮ್ಮ ವಯಸ್ಸಿಗೆ ಅದೂ ಮುಖ್ಯ, ಅಲ್ವಾ?

ಫೋನ್ ಬೇಡ ಅಂದ ಕಡೆ ಪುಸ್ತಕ ತೆಗೆಯಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. 2023ರ ಜುಲೈನಲ್ಲಿ ನಮ್ಮ ಮುಜರಾಯಿ ಇಲಾಖೆ ತನ್ನ ದೇವಸ್ಥಾನಗಳ ಒಳಗೆ ಮೊಬೈಲ್ ಬಳಸಬಾರದು ಅಂತ ಸುತ್ತೋಲೆ ಹೊರಡಿಸಿತು. ಅದಕ್ಕೂ ಮುಂಚೆ, 2022ರ ಡಿಸೆಂಬರ್‌ನಲ್ಲಿ, ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಗುಡಿಗಳ ಬಗ್ಗೆ ಇಂಥದೇ ಆದೇಶ ಕೊಟ್ಟಿತ್ತು. ನಿಷೇಧ ಇರೋದು ಮೊಬೈಲ್‌ಗೆ, ಪೆನ್ಸಿಲ್‌ಗಲ್ಲ. ಹಾಗಂತ ಕ್ಯಾಮೆರಾಗೆ ಬೇಡ ಅಂದ ಮೂಲ ವಿಗ್ರಹವನ್ನು ಕಾಗದಕ್ಕೆ ಇಳಿಸೋದು ಜಾಣತನ ಅಲ್ಲ, ಕಳ್ಳದಾರಿ. ಆದರೆ ಅಂಗಳದಲ್ಲಿ, ಪೌಳಿಯಲ್ಲಿ ಕೂತು ಬರೆಯೋಕೆ ಯಾರೂ ಅಡ್ಡಿ ಮಾಡಿದ್ದನ್ನು ನಾನು ಕಂಡಿಲ್ಲ. ಹೋದ ಕೂಡಲೇ ಅರ್ಚಕರನ್ನೋ ಕಾವಲುಗಾರರನ್ನೋ ಒಂದು ಮಾತು ಕೇಳಿ. ಕೇಳಿದವರಿಗೆ ಒಳ್ಳೆ ಜಾಗವನ್ನೂ ತೋರಿಸುತ್ತಾರೆ.

ಒಳಗಿನ ದೇವರನ್ನು ಬರೆಯಲೇಬೇಕು ಅಂತ ಮನಸ್ಸು ಹಟ ಮಾಡಿದರೆ ಒಂದು ದಾರಿ ಇದೆ. ಆರತಿ ಹೊತ್ತಿಗೆ ಹೋಗಿ, ಕಣ್ತುಂಬಾ ನೋಡಿ. ಹೊರಗೆ ಬಂದು ಪೌಳಿಯಲ್ಲಿ ಕೂತು ನೆನಪಿನಿಂದ ಬರೆಯಿರಿ. ಏನು ಉಳಿಯುತ್ತದೆ ನೋಡಿ. ನನಗೆ ಪ್ರತಿ ಸಲ ಉಳಿಯೋದು ಸುತ್ತಲಿನ ಕತ್ತಲು, ಹೂವಿನ ರಾಶಿ, ಎಲ್ಲೋ ಎರಡು ಬೆಳ್ಳಿ ಕಣ್ಣು. ಮುಖ ಬರೆಯೋಕೆ ಆಗುವುದೇ ಇಲ್ಲ. ಆದರೂ ನನ್ನ ಪುಸ್ತಕಗಳಲ್ಲಿ ನನಗೆ ಇಷ್ಟ ಆದ ಹಾಳೆಗಳು ಅವೇ.

ಪೂಜೆ ಇಲ್ಲದ ಗುಡಿಗಳು ಬೇರೆ ಮಾತು. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪೂಜೆ ಇಲ್ಲ. ಮೂಲ ಕೇಶವನ ವಿಗ್ರಹವೇ ಈಗ ಇಲ್ಲ. ನೀವು ಎಲ್ಲಿ ಬೇಕಾದರೂ ನಿಧಾನವಾಗಿ ಕೂತು ಬರೆಯಬಹುದು. ಹೊಯ್ಸಳರ ಗುಡಿಯನ್ನು ಪೂರ್ತಿಯಾಗಿ ಬರೆಯಲು ಕಲಿಯುವವರಿಗೆ ನಾನು ಮೊದಲು ಹೇಳೋದು ಸೋಮನಾಥಪುರ. ಬೇಲೂರಿನಲ್ಲಿ ಈಗ ಶಿಖರ ಇಲ್ಲ, ಹಳೇಬೀಡಿನಲ್ಲೂ ಇಲ್ಲ. ಹದಿಮೂರನೇ ಶತಮಾನದ ಸೋಮನಾಥಪುರದಲ್ಲಿ ಮೂರು ಶಿಖರವೂ ಉಳಿದಿವೆ. ಈ ಮೂರು ಊರಿನ ಗುಡಿಗಳು 2023ರಲ್ಲಿ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಂದೀಚೆಗೆ ಭಾನುವಾರ ಜನ ಜಾಸ್ತಿ. ವಾರದ ನಡುವೆ ಹೋಗಿ.

ಹೊಯ್ಸಳ ಗೋಡೆ ನೋಡಿದ ಕೂಡಲೇ ಕೈ ನಡುಗುತ್ತದೆ. ಅಷ್ಟೊಂದು ಮೂಲೆ, ಅಷ್ಟೊಂದು ಕೆತ್ತನೆ. ಹೊಸಬರು ಮಾಡುವ ತಪ್ಪು ಅಂದರೆ ಒಂದು ಆನೆಯಿಂದ ಶುರು ಮಾಡೋದು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಆನೆ ಆಗಿರುತ್ತವೆ, ಗುಡಿ ಆಗಿರುವುದಿಲ್ಲ. ಹಾಗೆ ಮಾಡಬೇಡಿ. ಮೊದಲು ಪುಸ್ತಕ ತೆಗೆಯದೆ ಸುಮ್ನೆ ಒಂದು ಪ್ರದಕ್ಷಿಣೆ ಹಾಕಿ. ಗುಡಿ ನಿಂತಿರುವ ಆ ನಕ್ಷತ್ರದ ಆಕಾರದ ಎತ್ತರದ ಕಟ್ಟೆ, ಅಂದರೆ ಜಗತಿ, ಇರೋದೇ ಅದಕ್ಕೆ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ. ಕೆತ್ತನೆ ಮಾಯವಾಗುತ್ತದೆ. ಅಡ್ಡಡ್ಡ ಪಟ್ಟಿಗಳು ಉಳಿಯುತ್ತವೆ, ಅವುಗಳನ್ನು ಕತ್ತರಿಸುವ ಉದ್ದುದ್ದ ನೆರಳು ಉಳಿಯುತ್ತವೆ. ಅಷ್ಟನ್ನು ಬರೆಯಿರಿ. ಹಳೇಬೀಡಿನಲ್ಲಿ ಈ ಪಟ್ಟಿಗಳು ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಅಂತ ಏರುತ್ತವೆ. ಭಾರ ಹೊರುವ ಆನೆ ಕೆಳಗೆ, ಹಗುರಾದ ಹಂಸ ಮೇಲೆ. ಈ ಕ್ರಮ ತಲೆಯಲ್ಲಿ ಕೂತರೆ ಎಣಿಸುವ ಕೆಲಸ ಇಲ್ಲ. ಒಂದೊಂದು ಪಟ್ಟಿಯಲ್ಲಿ ಒಂದು ಪ್ರಾಣಿಯನ್ನು ಚೆನ್ನಾಗಿ ಬರೆದು ಉಳಿದದ್ದನ್ನು ಗೆರೆಯಲ್ಲಿ ಸೂಚಿಸಿದರೆ ಸಾಕು, ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಇಳಿಬಿಸಿಲಲ್ಲಿ ಬರೆಯಿರಿ. ಬಳಪದ ಕಲ್ಲು ನಡು ಮಧ್ಯಾಹ್ನ ಚಪ್ಪಟೆಯಾಗಿ ಕಾಣುತ್ತದೆ. ಬರಿಗಾಲಿಗೆ ನೆಲವೂ ಸುಡುತ್ತದೆ.

ಮುರಿದ ಮೂಗು, ಮುರಿದ ಕೈ ಇದ್ದರೆ ಸರಿಮಾಡಿ ಬರೆಯಬೇಕಾ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಬೇಡ. ಇದ್ದ ಹಾಗೆ ಬರೆಯಿರಿ. ಯಾಕೆ ಅಂದರೆ ನಿಮ್ಮ ಚಿತ್ರ ನಾಳೆ ಸಾಕ್ಷಿ ಆಗಬಹುದು. ಹಂಪಿಯ ಕಲ್ಲಿನ ತೇರನ್ನೇ ನೋಡಿ. ಈಗಿನ 50 ರೂಪಾಯಿ ನೋಟಿನ ಹಿಂದೆ ಇದೆ. ಎಲ್ಲರೂ ಅದನ್ನು ಹಾಗೇ, ಮೇಲೆ ಚಪ್ಪಟೆಯಾದ ತೇರು ಅಂತಲೇ ಬರೆಯುತ್ತಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೈನ್ಯದ ಅಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹಂಪಿಯಲ್ಲಿ ಫೋಟೋ ತೆಗೆದ. ಆ ಫೋಟೋದಲ್ಲಿ ತೇರಿನ ಮೇಲೆ ಇಟ್ಟಿಗೆಯ ಶಿಖರ ಇದೆ! ಅದು ತೇರಿನ ರೂಪದ ಗರುಡನ ಗುಡಿ. ಶಿಖರ ಆಮೇಲೆ ಹೋಯಿತು. ಆ ಫೋಟೋ ಇಲ್ಲದಿದ್ದರೆ ಅದು ಹೇಗಿತ್ತು ಅಂತ ನಾವು ಕಣ್ಣಾರೆ ನೋಡುತ್ತಲೇ ಇರಲಿಲ್ಲ.

ಅಂದಹಾಗೆ, ನೋಟು ಅಂದೆನಲ್ಲ, ಮನೆಯಲ್ಲೇ ಅಭ್ಯಾಸಕ್ಕೆ ಅದು ಒಳ್ಳೆ ಪುಸ್ತಕ. ಹೊಸ ಹತ್ತರ ನೋಟಿನಲ್ಲಿ ಕೋನಾರ್ಕದ ಚಕ್ರ, ಇಪ್ಪತ್ತರಲ್ಲಿ ಎಲ್ಲೋರ, ಇನ್ನೂರರಲ್ಲಿ ಸಾಂಚಿಯ ಸ್ತೂಪ. ಬ್ಯಾಂಕಿನಲ್ಲಿ ಇದ್ದವರಿಗೆ ಇದನ್ನು ನಾನು ಹೇಳಬೇಕಾ!

ಮೂರ್ತಿಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮುಖ ಚೆನ್ನಾಗಿ ಬರಲಿಲ್ಲ ಅಂತ ಕೊರಗಬೇಡಿ, ಕೈ ತಪ್ಪಾಗದಂತೆ ನೋಡಿಕೊಳ್ಳಿ. ವಿಷ್ಣುವಿನ ನಾಲ್ಕು ಕೈಯಲ್ಲಿ ಶಂಖ, ಚಕ್ರ, ಗದೆ, ಪದ್ಮ. ಇವು ಯಾವ ಕೈಯಲ್ಲಿ ಯಾವುದು ಅನ್ನೋದರ ಮೇಲೆ ಆ ಮೂರ್ತಿ ಕೇಶವನೋ ನಾರಾಯಣನೋ ಮಾಧವನೋ ಅಂತ ತೀರ್ಮಾನ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗೆ ಹಂಚುವ ಬಗೆ ಲೆಕ್ಕ ಹಾಕಿದರೆ 24 ಬರುತ್ತದೆ. ಸಂಧ್ಯಾವಂದನೆಯಲ್ಲಿ ಹೇಳುವ ಹೆಸರುಗಳೂ 24. ಎರಡು ಕೈ ಅದಲುಬದಲು ಮಾಡಿದರೆ ನೀವು ಬರೆದದ್ದು ಬೇರೆ ದೇವರು. ಈಗ ಇದಕ್ಕೊಂದು ಹೊಸ ಕಾಟ ಸೇರಿದೆ. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ಎಷ್ಟೋ ಸಲ ಚಿತ್ರ ಎಡಬಲ ತಿರುಗಿರುತ್ತದೆ. ಅದನ್ನು ನೋಡಿ ಬರೆದರೆ ಚಕ್ರ ಶಂಖದ ಕೈಗೆ ಹೋಗುತ್ತದೆ. ಅಚ್ಚು ಹಾಕಿಸುವಾಗಲೂ ಅಂಗಡಿಯವರು ಅಂದಕ್ಕೆ ಅಂತ ಚಿತ್ರ ತಿರುಗಿಸಿಬಿಡುತ್ತಾರೆ. ಎರಡು ಸಲ ನೋಡಿಕೊಳ್ಳಿ.

ಅಳತೆಗೂ ಶಾಸ್ತ್ರ ಇದೆ. ಅದಕ್ಕೆ ತಾಳಮಾನ ಅನ್ನುತ್ತಾರೆ. ಹನ್ನೆರಡು ಅಂಗುಲದ ಮುಖ ಒಂದು ತಾಳ, ನವತಾಳದ ಮೂರ್ತಿ ಅಂದರೆ ಅಂಥ ಒಂಬತ್ತು, ಒಟ್ಟು 108 ಅಂಗುಲ. ನೋಡಿ ಬರೆಯುವ ನಮಗೆ ಪೂರ್ತಿ ಶಾಸ್ತ್ರ ಬೇಕಿಲ್ಲ. ಪೆನ್ಸಿಲ್ ಹಿಡಿದ ಕೈಯನ್ನು ನೇರ ಚಾಚಿ, ಮೂರ್ತಿಯ ಮುಖದ ಉದ್ದವನ್ನು ಹೆಬ್ಬೆರಳಲ್ಲಿ ಗುರುತು ಮಾಡಿ, ದೇಹದಲ್ಲಿ ಅಂಥವು ಎಷ್ಟಿವೆ ಅಂತ ಎಣಿಸಿ. ಶಿಲ್ಪಿ ಮಾಡಿದ ಲೆಕ್ಕ ನಿಮ್ಮ ಹೆಬ್ಬೆರಳಿಗೆ ಸಿಗುತ್ತದೆ. ಕಣ್ಣು ಮಾತ್ರ ಕೊನೆಗೆ ಬರೆಯಿರಿ. ಶಿಲ್ಪಿಗಳೂ ಕಣ್ಣು ತೆರೆಸುವುದು ಕೊನೆಗೇ, ಬಟ್ಟೆಯ ಮೇಲೆ ಟಿಬೆಟ್‌ನ ಥಾಂಕಾ ಅನ್ನುವ ಬೌದ್ಧ ಚಿತ್ರ ಬರೆಯುವವರೂ ಹಾಗೇ. ಅವರಿಗೆ ಅದೊಂದು ವಿಧಿ. ನಮಗೆ ಅದರಲ್ಲಿ ಕಸುಬಿನ ಲಾಭವೂ ಇದೆ. ಕಣ್ಣು ಮೊದಲೇ ಬರೆದರೆ ಉಳಿದದ್ದನ್ನು ತಿದ್ದೋಕೆ ಮನಸ್ಸೇ ಬರುವುದಿಲ್ಲ.

ಈಗ ಬೈಲಕುಪ್ಪೆ. ಕುಶಾಲನಗರದ ಹತ್ತಿರ ಇದೆ, ಆದರೆ ಸೇರೋದು ಮೈಸೂರು ಜಿಲ್ಲೆಗೆ. ಎಲ್ಲರೂ 'ಗೋಲ್ಡನ್ ಟೆಂಪಲ್' ಅನ್ನುವುದು ನಮ್‌ಡ್ರೋಲಿಂಗ್ ಮಠವನ್ನು. ಟಿಬೆಟ್‌ನಿಂದ ಬಂದ ಪೆನೋರ್ ರಿಂಪೋಚೆ 1963ರಲ್ಲಿ ಶುರು ಮಾಡಿದ್ದು. ಚಿನ್ನದ ಬಣ್ಣದ ದೊಡ್ಡ ವಿಹಾರ 1999ರಲ್ಲಿ ತೆರೆಯಿತು. ಒಳಗೆ ನಡುವೆ ಶಾಕ್ಯಮುನಿ ಬುದ್ಧ, ಸುಮಾರು 60 ಅಡಿ. ಎರಡು ಕಡೆ ಪದ್ಮಸಂಭವ ಮತ್ತು ದೀರ್ಘಾಯುಸ್ಸಿನ ಬುದ್ಧ ಅಮಿತಾಯುಸ್. ಮೂರೂ ಶಾಕ್ಯಮುನಿ ಬುದ್ಧನೇ ಅಂತ ಬಂದವರು ಅಂದುಕೊಳ್ಳುತ್ತಾರೆ. ಪದ್ಮಸಂಭವ ಟಿಬೆಟ್‌ಗೆ ಬೌದ್ಧ ಧರ್ಮ ಒಯ್ದ ಗುರು. ಮೀಸೆ ನೋಡಿ ಗುರುತಿಸಿ.

ಇಲ್ಲಿ ನಮ್ಮ ಗರ್ಭಗುಡಿಯ ಲೆಕ್ಕ ಬದಲಾಗುತ್ತದೆ. ಬುದ್ಧ ಕತ್ತಲ ಕೋಣೆಯಲ್ಲಿ ಇಲ್ಲ. ದೊಡ್ಡ ಬೆಳಕಿನ ಹಜಾರದಲ್ಲಿ ಎಲ್ಲರ ಎದುರು ಕೂತಿದ್ದಾನೆ. ಹೊರಗೆ ತೋರಿಸಿದ ದೇವರು ಅಂತಲೇ ಇಟ್ಟುಕೊಳ್ಳಿ. ಧಾರಾಳವಾಗಿ ಬರೆಯಬಹುದು. ಆದರೆ ಬೇರೆ ಎರಡು ಸೂಕ್ಷ್ಮ ಇದೆ. ಒಂದು ಕಾಲು. ಬುದ್ಧನ ಕಡೆಗೆ, ಲಾಮಾಗಳ ಕಡೆಗೆ ಕಾಲು ಚಾಚಬಾರದು. ಮಂಡಿ ನೋವಿದ್ದರೆ ಗೋಡೆ ಪಕ್ಕ ಪಕ್ಕವಾಗಿ ಕೂತು ಕಾಲನ್ನು ಬದಿಗೆ ಮಾಡಿಕೊಳ್ಳಿ. ಇನ್ನೊಂದು ಪುಸ್ತಕ. ಒಮ್ಮೆ ಅಲ್ಲಿ ಬುದ್ಧನ ಚಿತ್ರ ಅರ್ಧ ಬರೆದು, ಪುಸ್ತಕ ನೆಲದ ಮೇಲೆ ಇಟ್ಟು ನೀರು ಕುಡಿಯುತ್ತಿದ್ದೆ. ಹದಿಮೂರು ಹದಿನಾಲ್ಕು ವರ್ಷದ ಒಬ್ಬ ಮರಿ ಲಾಮಾ ಬಂದ. ಏನೂ ಹೇಳಲಿಲ್ಲ. ಪುಸ್ತಕ ಎತ್ತಿ ತಲೆಗೆ ಮುಟ್ಟಿಸಿ, ಗೋಡೆ ಪಕ್ಕದ ಎತ್ತರದ ಮಣೆಯ ಮೇಲೆ ಇಟ್ಟು ಹೋದ. ಧರ್ಮದ ಬರಹವನ್ನೂ ಬುದ್ಧನ ಚಿತ್ರವನ್ನೂ ಅವರು ನೆಲದಲ್ಲಿ ಇಡುವುದಿಲ್ಲ, ದಾಟುವುದಿಲ್ಲ. ನನ್ನ ಪೆನ್ಸಿಲ್ ಗೀಚು ಅವನಿಗೆ ಆಗಲೇ ಬುದ್ಧ ಆಗಿತ್ತು, ನನಗೆ ಇನ್ನೂ ಆಗಿರಲಿಲ್ಲ. ಅವತ್ತಿನಿಂದ ಒಂದು ಸಣ್ಣ ಟವೆಲ್ ಒಯ್ಯುತ್ತೇನೆ. ಪುಸ್ತಕ ಅದರ ಮೇಲೆ, ಅದು ತೊಡೆಯ ಮೇಲೆ.

ಮಂತ್ರ ಪಠಣ ನಡೆಯುವಾಗ ಹಿಂದಿನ ಗೋಡೆಯ ಹತ್ತಿರ ಕೂರಿ. ಪ್ರಾರ್ಥನಾ ಚಕ್ರ ತಿರುಗಿಸುವುದಾದರೆ ನಮ್ಮ ಪ್ರದಕ್ಷಿಣೆಯ ಹಾಗೇ ಬಲಕ್ಕೆ.

ಬುದ್ಧನ ಮುಖ ಬರೆಯೋಕೆ ಹಿಂಜರಿಕೆ ಅನ್ನಿಸಿದರೆ ಹಳಬರ ದಾರಿ ಹಿಡಿಯಿರಿ. ಆರಂಭದ ಬೌದ್ಧ ಶಿಲ್ಪಗಳಲ್ಲಿ ಬುದ್ಧನನ್ನು ಮನುಷ್ಯ ರೂಪದಲ್ಲಿ ತೋರಿಸುತ್ತಿರಲಿಲ್ಲ. ಬೋಧಿ ಮರ, ಖಾಲಿ ಪೀಠ, ಎರಡು ಪಾದ, ಒಂದು ಚಕ್ರ. ಸುತ್ತ ಜನ ಕೈಮುಗಿದು ನಿಂತಿರುತ್ತಾರೆ, ನಡುವೆ ಯಾರೂ ಇಲ್ಲ. ಇದನ್ನು ನೋಡೋಕೆ ಸಾಂಚಿಗೇ ಹೋಗಬೇಕು ಅಂತಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ, ಭೀಮಾ ನದಿ ದಡದಲ್ಲಿ, ದೊಡ್ಡ ಸ್ತೂಪದ ಶಿಲ್ಪ ಫಲಕಗಳು ಸಿಕ್ಕಿವೆ. ಅದರಲ್ಲಿ ಒಂದರಲ್ಲಿ ಅಶೋಕ ರಾಣಿಯ ಜೊತೆ ನಿಂತಿದ್ದಾನೆ, ಬ್ರಾಹ್ಮಿ ಲಿಪಿಯಲ್ಲಿ 'ರಾಯೊ ಅಸೋಕೊ' ಅಂತ ಹೆಸರೂ ಇದೆ. ಪಕ್ಕದ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ನೋಡಿದರೆ ದೇವಿಯ ಪೀಠವಾಗಿ ಬಳಸಿದ್ದ ಕಲ್ಲು ಅಶೋಕನ ಶಾಸನ! ಎಷ್ಟು ಶತಮಾನ ಅದರ ಮೇಲೆ ಕುಂಕುಮ ಬಿದ್ದಿತ್ತೋ. ನೀವು ಕೇಳಿದ ಹಿಂದೂ ಗುಡಿ, ಬೌದ್ಧ ಗುಡಿ ಅನ್ನುವ ಗಡಿ ಕಲ್ಲಿಗೆ ಗೊತ್ತಿರುವುದಿಲ್ಲ.

ಅಂಕೋರ್ ವಾಟ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಒಂದೇ ಕಾಲದಲ್ಲಿ ಇಬ್ಬರು ರಾಜರು, ಸಮುದ್ರದ ಆಚೆ ಒಬ್ಬ, ಈಚೆ ಒಬ್ಬ, ಇಬ್ಬರೂ ವಿಷ್ಣುವಿಗೆ ಗುಡಿ ಕಟ್ಟಿಸುತ್ತಿದ್ದರು. ಆಮೇಲೆ ಅಂಕೋರ್ ವಾಟ್ ಬೌದ್ಧರ ಗುಡಿ ಆಯಿತು, ಇವತ್ತಿಗೂ ಹಾಗೇ ಇದೆ. ಆದರೆ ಪಶ್ಚಿಮದ ಬಾಗಿಲಲ್ಲಿ ಎಂಟು ಕೈಯ ವಿಷ್ಣು ಈಗಲೂ ನಿಂತಿದ್ದಾನೆ. ಊರವರು ಅವನನ್ನು 'ತಾ ರೀಚ್' ಅನ್ನುತ್ತಾರೆ. ಕೇಸರಿ ಬಟ್ಟೆ ಉಡಿಸಿ, ಊದುಬತ್ತಿ ಹಚ್ಚಿ, ಹೂವಿಟ್ಟು ಬೇಡಿಕೊಳ್ಳುತ್ತಾರೆ. ಟಿಕೆಟ್ ಕೊಟ್ಟು ಒಳಗೆ ಬಂದೆವು, ಇದು ಸ್ಮಾರಕ ಅಂತ ಅಂದುಕೊಂಡು ಅವನ ಮುಂದೆ ಅಡ್ಡ ಕೂರಬೇಡಿ. ನಮ್ಮ ಊರ ನಂದಿಯ ಪಾಠ ಅಲ್ಲೂ ನಡೆಯುತ್ತದೆ.

ಒಂದಿಷ್ಟು ಕೆಲಸಕ್ಕೆ ಬರುವ ಮಾತು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಬೇಕು. ಇಲ್ಲದಿದ್ದರೆ ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ. ನಿಮ್ಮ ಸೀರೆ, ಚೂಡಿದಾರಕ್ಕೆ ಈ ತಲೆನೋವಿಲ್ಲ, ಚಡ್ಡಿ ಹಾಕುವ ಮಗನಿಗೆ ಹೇಳಿ. ಬೌದ್ಧರ ಪವಿತ್ರ ದಿನಗಳಲ್ಲಿ ಆ ಅಂತಸ್ತು ಮುಚ್ಚಿರುತ್ತದೆ. ಟಿಕೆಟ್ 2017ರಿಂದ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಬರೆಯುವವರಿಗೆ ಒಂದು ದಿನ ಸಾಲದು. ಮೂರು ದಿನದ್ದು ತಗೊಳ್ಳಿ, ಅದನ್ನು ಹತ್ತು ದಿನದ ಒಳಗೆ ಬಿಡಿಬಿಡಿಯಾಗಿ ಬಳಸಬಹುದು. ಭಿಕ್ಷುಗಳನ್ನು ಬರೆಯುವ ಮುಂಚೆ ಸನ್ನೆ ಮಾಡಿಯಾದರೂ ಕೇಳಿ. ಹೆಂಗಸರು ಅವರನ್ನು ಮುಟ್ಟುವುದಿಲ್ಲ, ಕೈಗೆ ಕೈ ತಾಗಿಸಿ ಏನನ್ನೂ ಕೊಡುವುದಿಲ್ಲ.

ಎಲ್ಲರೂ ಸೂರ್ಯೋದಯಕ್ಕೆ ಅಂಕೋರ್ ವಾಟ್‌ಗೆ ಓಡುತ್ತಾರೆ. ನೀವು ಹೋಗಬೇಡಿ, ಅಥವಾ ನೋಡೋಕೆ ಮಾತ್ರ ಹೋಗಿ. ನಮ್ಮ ಗುಡಿಗಳ ಹಾಗೆ ಅದು ಪೂರ್ವಕ್ಕೆ ಮುಖ ಮಾಡಿಲ್ಲ, ಪಶ್ಚಿಮಕ್ಕೆ ಮಾಡಿದೆ. ಬೆಳಿಗ್ಗೆ ಸೂರ್ಯ ಗುಡಿಯ ಹಿಂದೆ ಇರುತ್ತಾನೆ, ಗುಡಿ ಬರೀ ಕಪ್ಪು ನೆರಳು. ಮೂರು ಗಂಟೆ ಮೇಲೆ ಹೋಗಿ. ಮುಂಭಾಗದ ಮೇಲೆ ಬಿಸಿಲು ಬಿದ್ದು ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಹೊತ್ತನ್ನು ಪೂರ್ವದ ಮೊಗಸಾಲೆಗೆ ಇಟ್ಟುಕೊಳ್ಳಿ. ಅಲ್ಲಿ ಸಮುದ್ರ ಮಥನದ ಉಬ್ಬುಶಿಲ್ಪ ಇದೆ, ಸುಮಾರು 49 ಮೀಟರ್ ಉದ್ದ. ಪೂರ್ತಿ ಬರೆಯುವ ಆಸೆ ಬೇಡ. ವಾಸುಕಿಯನ್ನು ಹಿಡಿದ ಒಂದೇ ಒಂದು ಅಸುರನ ಕಣ್ಣನ್ನೂ ಬೆರಳನ್ನೂ ಬರೆದರೆ ಒಂದು ಬೆಳಗ್ಗೆ ಸಾರ್ಥಕ. ಅಂಕೋರ್‌ನ ಇನ್ನೊಂದು ಗುಡಿ ಬಾಯೋನ್‌ನಲ್ಲಿ ಸುಮಾರು ಇನ್ನೂರು ಕಲ್ಲಿನ ಮುಖಗಳು ಇವೆ. ಎಲ್ಲರೂ ಆ ಮುಖಗಳನ್ನೇ ಬರೆಯುತ್ತಾರೆ. ನನಗೆ ಅಲ್ಲಿ ಹೆಚ್ಚು ಇಷ್ಟ ಕೆಳಗಿನ ಗೋಡೆ. ಸಂತೆ, ಅಡುಗೆ, ಕೋಳಿ ಅಂಕ. ಹೌದು, ಕೋಳಿ ಅಂಕ. ತುಳುನಾಡಿನವರು ನೋಡಿದರೆ ಊರು ನೆನಪಾಗಿಬಿಡುತ್ತದೆ.

ಎಲ್ಲೇ ಹೋದರೂ ಶಿಲ್ಪವನ್ನು, ಬಣ್ಣದ ಗೋಡೆಯನ್ನು ಮುಟ್ಟಬೇಡಿ. ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯೋದಂತೂ ಬೇಡವೇ ಬೇಡ. ಚಿತ್ರಕಾರರ ಕೈಯಿಂದಲೇ ಗುಡಿ ಹಾಳಾದ ಉದಾಹರಣೆ ಇದೆ. ಅಜಂತಾದಲ್ಲಿ 1844ರಿಂದ ರಾಬರ್ಟ್ ಗಿಲ್, ಆಮೇಲೆ ಮುಂಬೈ ಕಲಾಶಾಲೆಯ ಜಾನ್ ಗ್ರಿಫಿತ್ಸ್ ವರ್ಷಗಟ್ಟಲೆ ಕೂತು ಚಿತ್ರಗಳ ನಕಲು ಮಾಡಿದರು. ಭಕ್ತಿಯಿಂದಲೇ ಮಾಡಿದ್ದು. ಆದರೆ ಬಣ್ಣ ಎದ್ದು ಕಾಣಲಿ ಅಂತ ಗೋಡೆಗೇ ವಾರ್ನಿಷ್ ಬಳಿದರು. ಕಾಲ ಕಳೆದ ಹಾಗೆ ಅದು ಹಳದಿಯಾಗಿ ಮೂಲ ಚಿತ್ರವನ್ನೇ ಮಂಕು ಮಾಡಿತು. ಇತ್ತ ಗಿಲ್‌ನ ನಕಲುಗಳಲ್ಲಿ ಹೆಚ್ಚಿನವು 1866ರಲ್ಲಿ, ಗ್ರಿಫಿತ್ಸ್‌ನವು ಎಷ್ಟೋ 1885ರಲ್ಲಿ ಲಂಡನ್ನಿನ ಬೆಂಕಿಗಳಲ್ಲಿ ಸುಟ್ಟು ಹೋದವು. ನಕಲೂ ಹೋಯಿತು, ಅಸಲೂ ಕೆಟ್ಟಿತು.

ಕೊನೆಗೆ ಮಗಳ ಚೀಲ, ಕಪ್. ಗುಡಿಯ ಶಿಖರ, ಕಂಬ, ಆನೆ, ಬಳ್ಳಿ ಚೀಲದ ಮೇಲೆ ಹಾಕಿಸಿ, ಚೆನ್ನಾಗಿಯೇ ಕಾಣುತ್ತದೆ. ದೇವರ ಮುಖ, ಬುದ್ಧನ ಮುಖ ಬೇಡ ಅಂತ ನನ್ನ ಸಲಹೆ. ಚೀಲ ನೆಲದ ಮೇಲೆ ಕೂರುತ್ತದೆ, ಬಸ್ಸಿನಲ್ಲಿ ಕಾಲ ಬುಡದಲ್ಲಿ ಇರುತ್ತದೆ. ಕಪ್ ಎಂಜಲಾಗುತ್ತದೆ, ಒಂದು ದಿನ ಒಡೆಯುತ್ತದೆ. ಆಮೇಲೆ ಅದನ್ನು ಎಲ್ಲಿ ಹಾಕುತ್ತೀರಿ? ಹಳೆ ಕ್ಯಾಲೆಂಡರಿನ ದೇವರನ್ನೇ ಕಸಕ್ಕೆ ಹಾಕೋಕೆ ಮನಸ್ಸು ಬಾರದೆ ಅರಳಿ ಮರದ ಬುಡದಲ್ಲಿ ಇಟ್ಟು ಬರುವ ಜನ ನಾವು. ನಮ್ಮಲ್ಲಿ ಇದಕ್ಕೆ ಒಂದಿಷ್ಟು ಸಡಿಲ ಇದೆ ಅನ್ನಿ. ಮೂತ್ರ ಮಾಡದಿರಲಿ ಅಂತ ಕಾಂಪೌಂಡಿಗೆ ದೇವರ ಟೈಲ್ಸ್ ಅಂಟಿಸುವವರೂ ನಾವೇ. ಬೌದ್ಧ ದೇಶಗಳಲ್ಲಿ ಅಷ್ಟು ಸಡಿಲ ಇಲ್ಲ. 2014ರಲ್ಲಿ ಬ್ರಿಟನ್‌ನ ಪ್ರವಾಸಿಯೊಬ್ಬರನ್ನು ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಕಾರಣಕ್ಕೆ ಶ್ರೀಲಂಕಾದಿಂದ ಹೊರಗೆ ಕಳಿಸಿದರು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅದು ತಪ್ಪು ಅಂತ ಹೇಳಿ ಎಂಟು ಲಕ್ಷ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಿಸಿತು. ಕಾನೂನು ಅವರ ಪರ ನಿಂತಿತು ನಿಜ, ಆದರೆ ಪ್ರವಾಸ ಹಾಳಾಗಿ ಮೂರು ವರ್ಷ ಆಗಿತ್ತು. ಬುದ್ಧನ ಮುಖದ ಚೀಲ ಹೆಗಲಿಗೆ ಹಾಕಿಕೊಂಡು ಕಾಂಬೋಡಿಯಾದಲ್ಲಿ ಇಳಿಯೋದು ಬೇಡ.

ಸಾಮಾನು ಕಡಿಮೆ ಒಯ್ಯಿರಿ. ಅಂಗೈಯ ಎರಡರಷ್ಟು ಪುಸ್ತಕ, ಎರಡು ಪೆನ್ಸಿಲ್, ನೀರು ತುಂಬುವ ಬ್ರಷ್ ಒಂದು, ಪುಟ್ಟ ಬಣ್ಣದ ಡಬ್ಬಿ. ನಿಲ್ಲಿಸುವ ಹಲಗೆ, ಸ್ಟ್ಯಾಂಡು ತೆಗೆದರೆ ಕಾವಲಿನವರು ಅನುಮತಿ ಪತ್ರ ಕೇಳುತ್ತಾರೆ, ಅವರದೂ ತಪ್ಪಲ್ಲ. ಇದ್ದಿಲು ಕಡ್ಡಿ ಬೇಡ, ಪುಡಿ ಕಲ್ಲಿಗೆ ಹತ್ತುತ್ತದೆ. ಬ್ರಷ್ ತೊಳೆದ ನೀರನ್ನು ಗುಡಿಯ ನೆಲಕ್ಕೆ ಚೆಲ್ಲಬೇಡಿ. ಪೆನ್ಸಿಲ್ ಹೆರೆದ ಚೂರಿಗೆ ಒಂದು ಮುಚ್ಚಳದ ಡಬ್ಬಿ ಇರಲಿ. ನನ್ನದು ಅಮ್ಮನ ಹಳೆ ಕುಂಕುಮದ ಡಬ್ಬಿ. ಹಾಗಾಗಿ ನನ್ನ ಪುಸ್ತಕದ ಅಂಚುಗಳೆಲ್ಲ ಸ್ವಲ್ಪ ಕೆಂಪು.